ಇಳಿಜಾರಿನ ಮೇಪಲ್ ತೋಪಿಗೆ ಯಾವ ಟ್ಯೂಬ್? ಅಳತೆಯಿಂದ ಶುಚಿಯವರೆಗೆ ಸಮಗ್ರ ಮಾರ್ಗದರ್ಶಿ

ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ಕ್ವಿಬೆಕ್, ಒಂಟಾರಿಯೊ ಕಡೆ ಮನೆ ಹಿಂದಿನ ಗುಡ್ಡದಲ್ಲಿ ಮೂವತ್ತು ನಲವತ್ತು ಶುಗರ್ ಮೇಪಲ್ ಮರಗಳಿದ್ದವರು ಕಾಂಡಕ್ಕೆ ತೂತು ಕೊರೆದು ಸಿಹಿ ರಸ ಇಳಿಸಿ, ಅದನ್ನು ಕುದಿಸಿ ಸಿರಪ್ ಮಾಡುತ್ತಾರೆ. ರಸದ ಬಕೆಟ್ ಹೊರುವುದಕ್ಕೆ ಬೇಸತ್ತವರು ಟ್ಯೂಬಿನ ಕಡೆ ತಿರುಗುತ್ತಾರೆ. ಮೊಣಕಾಲುದ್ದ ಹಿಮದಲ್ಲಿ ತುಂಬಿದ ಬಕೆಟ್ ಹಿಡಿದು ಇಳಿಜಾರು ಇಳಿಯುವುದು ಸೊಂಟಕ್ಕೂ ಒಳ್ಳೆಯದಲ್ಲ, ರಸಕ್ಕೂ ಒಳ್ಳೆಯದಲ್ಲ. ಅಂಗಡಿಗೆ ಹೋದರೆ 3/16 ಇಂಚಿನ ಟ್ಯೂಬ್, 5/16 ಇಂಚಿನ ಟ್ಯೂಬ್, ಮೇನ್‌ಲೈನ್ (ಸಣ್ಣ ಟ್ಯೂಬುಗಳ ರಸವನ್ನು ಒಟ್ಟುಗೂಡಿಸುವ ದಪ್ಪ ಪೈಪು), ಪಂಪ್ ಎಂದು ಸಾಲು ಸಾಲು ಸಾಮಾನು. ನಿಮ್ಮ ಗುಡ್ಡಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಮರಗಳ ಸಂಖ್ಯೆ ನೋಡಿ ಹೇಳಲಾಗದು. ಅದನ್ನು ತೀರ್ಮಾನಿಸುವ ಅಳತೆ ಒಂದೇ: ಎಲ್ಲಕ್ಕಿಂತ ಕೆಳಗಿರುವ ಮರದ ತೂತಿನಿಂದ ಟ್ಯಾಂಕಿನ ಬಾಯಿವರೆಗೆ ಎಷ್ಟು ಮೀಟರ್ ಇಳಿತ ಇದೆ?

ಆದ್ದರಿಂದ ಮೊದಲು ಅಳತೆ, ಆಮೇಲೆ ಖರೀದಿ. ಅಳತೆಗೆ ಸರಿಯಾದ ಕಾಲ ಅಕ್ಟೋಬರ್ ಕೊನೆ ಮತ್ತು ನವೆಂಬರ್. ಎಲೆ ಉದುರಿ ನೋಟ ತೆರೆದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ಬೇಸಿಗೆಯಲ್ಲೇ ಮೇಪಲ್ ಎಲೆ ನೋಡಿ ಮರಗಳಿಗೆ ಬಣ್ಣದ ಪಟ್ಟಿ ಕಟ್ಟಿಟ್ಟಿದ್ದರೆ ಇನ್ನೂ ಒಳ್ಳೆಯದು. ಎಲೆಯಿಲ್ಲದ ಕಾಡಿನಲ್ಲಿ ಮೇಪಲ್ ಯಾವುದು, ಆ್ಯಶ್ ಯಾವುದು ಎಂದು ಹೊಸಬರು ಎಡವುತ್ತಾರೆ.

ಗುಡ್ಡವೇ ಪಂಪ್ ಆಗುವುದು ಹೇಗೆ

ರಾತ್ರಿ ಶೂನ್ಯಕ್ಕಿಂತ ಕೆಳಗೆ, ಹಗಲು 4–5 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಮರದೊಳಗೆ ಒತ್ತಡ ಹುಟ್ಟಿ ತೂತಿನಿಂದ ರಸ ಹೊರಬರುತ್ತದೆ. ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವೇ ಹರಿವಿಗೆ ಕಾರಣ. ಟ್ಯೂಬಿನೊಳಗೆ ನಿರ್ವಾತ ಉಂಟುಮಾಡಿದರೆ ಆ ವ್ಯತ್ಯಾಸ ಹೆಚ್ಚುತ್ತದೆ, ಮರದ ಸ್ವಂತ ಒತ್ತಡ ಇಳಿದ ಮೇಲೂ ರಸ ಬರುತ್ತಿರುತ್ತದೆ. ಸ್ಥೂಲವಾಗಿ ಒಂದು ಇಂಚು ನಿರ್ವಾತಕ್ಕೆ (ಪಾದರಸದ ಅಳತೆಯಲ್ಲಿ) ಶೇ. 5ರಷ್ಟೋ ಅದಕ್ಕಿಂತ ತುಸು ಹೆಚ್ಚೋ ರಸ ಜಾಸ್ತಿ ಸಿಗುತ್ತದೆ. ಬರೀ ಹರಿವಿನಲ್ಲಿ ಒಂದು ತೂತಿಗೆ ಇಡೀ ಹಂಗಾಮಿನಲ್ಲಿ 40 ಲೀಟರ್ ಆಸುಪಾಸು ಬಂದರೆ, ಒಳ್ಳೆಯ ನಿರ್ವಾತದಲ್ಲಿ ಅದರ ಎರಡರಷ್ಟು ಬರಬಹುದು.

5/16 ಇಂಚಿನ (ಸುಮಾರು 8 ಮಿ.ಮೀ. ಒಳವ್ಯಾಸ) ಟ್ಯೂಬಿನಲ್ಲಿ ರಸ ತಳದಲ್ಲಿ ಹರಿಯುತ್ತದೆ, ಅದರ ಮೇಲೆ ಗಾಳಿ ಇರುತ್ತದೆ. ಪಂಪ್ ಇಲ್ಲದಿದ್ದರೆ ಎಳೆತ ಇಲ್ಲವೇ ಇಲ್ಲ ಎನ್ನಬಹುದು. 3/16 ಇಂಚಿನ (4.8 ಮಿ.ಮೀ.) ಟ್ಯೂಬು ಹಾಗಲ್ಲ. ಅದು ಎಷ್ಟು ಸಣ್ಣದೆಂದರೆ ಗಾಳಿಗುಳ್ಳೆ ರಸವನ್ನು ದಾಟಿ ಮೇಲೇರಲಾರದು. ಗುಳ್ಳೆಯೂ ರಸವೂ ಒಂದರ ಹಿಂದೆ ಒಂದು ಸಾಲಾಗಿ ಕೆಳಗಿಳಿಯುತ್ತವೆ. ಹಾಗೆ ಇಳಿಯುವ ರಸದ ಕಂಬ ತನ್ನ ಭಾರದಿಂದಲೇ ಮೇಲಿನ ಮರಗಳನ್ನು ಎಳೆಯುತ್ತದೆ. ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ಬಳಕೆಗೆ ತಂದವರು ವರ್ಮಾಂಟ್ ವಿಶ್ವವಿದ್ಯಾಲಯದ ಟಿಮ್ ವಿಲ್ಮಟ್. ಆ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರ ಇರುವುದೂ ಮೌಂಟ್ ಮ್ಯಾನ್ಸ್‌ಫೀಲ್ಡ್ ಬೆಟ್ಟದ ಇಳಿಜಾರಿನಲ್ಲೇ.

ಲೆಕ್ಕ ಸರಳ. ಒಂದು ಮೀಟರ್ ಇಳಿತಕ್ಕೆ 2.9 ಇಂಚು ನಿರ್ವಾತ. ಹತ್ತು ಮೀಟರ್ ಇಳಿತಕ್ಕೆ 29 ಇಂಚು, ಅಲ್ಲಿಗೆ ವಾಯುಭಾರ ಮುಗಿಯಿತು. ಇನ್ನೆಷ್ಟು ಇಳಿತ ಕೊಟ್ಟರೂ ಅದಕ್ಕಿಂತ ಮೇಲೆ ಹೋಗದು. ಎತ್ತರದ ಊರಲ್ಲಿ ಈ ಮಿತಿ ಇನ್ನೂ ಕಡಿಮೆ, ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚಿನಂತೆ ಇಳಿಯುತ್ತದೆ.

ಎರಡು ಸಂಗತಿ ಬಹಳ ಜನರಿಗೆ ತಪ್ಪಿಹೋಗುತ್ತವೆ. ಮೊದಲನೆಯದು, ಒಂದು ಮರಕ್ಕೆ ಸಿಗುವ ಎಳೆತ ಆ ಮರದ ಕೆಳಗಿರುವ ಇಳಿತದ್ದು ಮಾತ್ರ. ಗುಡ್ಡದ ತುದಿಯ ಮರಕ್ಕೆ 25 ಇಂಚು ಸಿಕ್ಕಾಗ ಟ್ಯಾಂಕಿನ ಪಕ್ಕದ ಮರಕ್ಕೆ ಸೊನ್ನೆ ಸಿಗಬಹುದು. ಆದ್ದರಿಂದ ಟ್ಯಾಂಕನ್ನು ಕೊನೆಯ ಮರದ ಬುಡದಲ್ಲಿಡದೆ ಸಾಧ್ಯವಾದಷ್ಟು ಕೆಳಕ್ಕೆ ಒಯ್ಯಬೇಕು. ಎರಡನೆಯದು, 3/16 ಟ್ಯೂಬ್ ಪಂಪಿಲ್ಲದ ಮೇನ್‌ಲೈನಿಗೆ ಸೇರಿದರೆ ಇಳಿತದ ಲೆಕ್ಕ ಆ ಸೇರುವ ಜಾಗದಲ್ಲೇ ನಿಂತುಹೋಗುತ್ತದೆ. ದಪ್ಪ ಪೈಪು ಅರ್ಧ ಖಾಲಿ ಹರಿಯುವುದರಿಂದ ಅಲ್ಲಿಂದಾಚೆ ಎಷ್ಟು ಇಳಿಜಾರಿದ್ದರೂ ಎಳೆತಕ್ಕೆ ಉಪಯೋಗವಿಲ್ಲ. ಗುಡ್ಡದ ನಡುವೆ ಅಡ್ಡಲಾಗಿ ಚಂದದ ಮೇನ್‌ಲೈನ್ ಎಳೆದು, ಅದಕ್ಕೆ ಗಿಡ್ಡ ಗಿಡ್ಡ 3/16 ಲೈನ್ ಜೋಡಿಸಿದವರು ಗುಡ್ಡದ ಅರ್ಧ ಬಲವನ್ನು ತಾವೇ ಬಿಟ್ಟುಕೊಟ್ಟ ಹಾಗೆ. ಕೆಳಗಡೆ 3/16 ಮುಗಿಸಿ 5/16ಕ್ಕೆ ದಾಟಿಸಿದರೂ ಇದೇ ಗತಿ.

ಇಳಿತ ಅಳೆಯುವುದು

ಲೇಸರ್ ಲೆವೆಲ್ ಇದ್ದರೆ ಸರಿ, ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಸೈಟ್ ಲೆವೆಲ್ (ಸಮಮಟ್ಟ ತೋರಿಸುವ ಸಣ್ಣ ನೋಟದ ಕೊಳವೆ) ಸಾಕು. ಟ್ಯಾಂಕ್ ಇಡಬೇಕೆಂದಿರುವ ಜಾಗದಲ್ಲಿ ನಿಂತು, ಗುಡ್ಡದ ಕಡೆ ಮುಖ ಮಾಡಿ, ಲೆವೆಲ್‌ನ ಗುಳ್ಳೆ ನಡುವಿಗೆ ಬರುವಂತೆ ಹಿಡಿದು ನೋಡಿ. ನಿಮ್ಮ ದೃಷ್ಟಿ ನೆಲವನ್ನು ಮುಟ್ಟುವ ಜಾಗ ನಿಮ್ಮ ಕಣ್ಣಿನ ಎತ್ತರದಷ್ಟು ಮೇಲಿದೆ. ಕಣ್ಣಿನ ಎತ್ತರ 1.6 ಮೀಟರ್ ಎಂದುಕೊಳ್ಳಿ. ಆ ಜಾಗಕ್ಕೆ ಪಟ್ಟಿ ಕಟ್ಟಿ, ಅಲ್ಲಿಗೆ ಹೋಗಿ ನಿಂತು ಮತ್ತೆ ನೋಡಿ. ಆರು ಸಲ ಹೀಗೆ ಹತ್ತಿದರೆ 9.6 ಮೀಟರ್. ಫೋನಿನ ಎತ್ತರ ತೋರಿಸುವ ಆ್ಯಪ್‌ಗಳನ್ನು ಮಾತ್ರ ನಂಬಬೇಡಿ. ಜಿಪಿಎಸ್ ಎತ್ತರದಲ್ಲಿ ಹಲವು ಮೀಟರ್ ಹೆಚ್ಚುಕಡಿಮೆ ಸಾಮಾನ್ಯ, ನಿಮ್ಮ ಇಡೀ ನಿರ್ಧಾರವೇ ಆ ಕೆಲವು ಮೀಟರ್ ಮೇಲೆ ನಿಂತಿದೆ.

ಮೂರು ಅಂಕಿ ಬರೆದುಕೊಳ್ಳಿ: ತುದಿಯ ಮರದಿಂದ ಕೊನೆಯ ಮರಕ್ಕೆ ಇಳಿತ, ಕೊನೆಯ ಮರದಿಂದ ಟ್ಯಾಂಕಿಗೆ ಇಳಿತ, ಕೊನೆಯ ಮರದಿಂದ ಟ್ಯಾಂಕಿಗೆ ಟ್ಯೂಬಿನ ಉದ್ದ. ಟ್ಯಾಂಕಿನ ಬಾಯಿ ನೆಲದಿಂದ ಒಂದು ಮೀಟರ್ ಮೇಲಿದ್ದರೆ ಮರದ ಹತ್ತಿರ ಟ್ಯೂಬೂ ಅಷ್ಟೇ ಎತ್ತರದಲ್ಲಿರುತ್ತದೆ, ಒಂದಕ್ಕೊಂದು ಸರಿಹೋಗುತ್ತದೆ.

ತಿಕ್ಕಾಟದ ಲೆಕ್ಕ

ಸಣ್ಣ ಟ್ಯೂಬಿಗೆ ಒಂದು ಶಾಪವಿದೆ, ಅದು ತಿಕ್ಕಾಟ. ರಸ ಜೋರಾಗಿ ಹರಿಯುವ ಹೊತ್ತಿನಲ್ಲಿ ಒಂದು ತೂತಿನಿಂದ ಗಂಟೆಗೆ ಮುಕ್ಕಾಲು ಲೀಟರ್ ಎಂದು ಹಿಡಿಯಿರಿ. ಒಂದೇ ಲೈನಿಗೆ 30 ತೂತು ಸೇರಿಸಿದರೆ ಕೆಳಭಾಗದಲ್ಲಿ ಗಂಟೆಗೆ 22.5 ಲೀಟರ್. ಶೂನ್ಯ ಡಿಗ್ರಿಯ ಹತ್ತಿರದ ತಂಪು ರಸ 3/16 ಟ್ಯೂಬಿನಲ್ಲಿ ಈ ವೇಗಕ್ಕೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 9 ಸೆಂ.ಮೀ. ಇಳಿತವನ್ನು ತಿಕ್ಕಾಟಕ್ಕೇ ಕಳೆದುಕೊಳ್ಳುತ್ತದೆ. ಅಂದರೆ ಶೇ. 9ರ ಇಳಿಜಾರಿನಲ್ಲಿ 30 ತೂತಿನ ಲೈನ್ ಹಾಕಿದರೆ, ರಸ ಚೆನ್ನಾಗಿ ಬರುವ ಹೊತ್ತಿನಲ್ಲೇ ಕೆಳಗಿನ ಮರಕ್ಕೆ ಎಳೆತ ಇರುವುದಿಲ್ಲ. ಅದೇ 15 ತೂತಿನ ಲೈನಿಗೆ ನಷ್ಟ ಮೀಟರಿಗೆ 4.5 ಸೆಂ.ಮೀ. ಮಾತ್ರ.

ಉದಾಹರಣೆಗೆ ಶೇ. 15ರ ಇಳಿಜಾರು ತೆಗೆದುಕೊಳ್ಳೋಣ. ಕೊನೆಯ ಮರದಿಂದ 25 ಮೀಟರ್ ಕೆಳಗೆ ಟ್ಯಾಂಕ್ ಇಟ್ಟರೆ ಇಳಿತ 3.75 ಮೀಟರ್. 30 ತೂತಿನ ಒಂದೇ ಲೈನಿನಲ್ಲಿ 2.25 ಮೀಟರ್ ತಿಕ್ಕಾಟಕ್ಕೆ ಹೋಯಿತು, ಉಳಿದದ್ದು 1.5 ಮೀಟರ್, ನಾಲ್ಕೂವರೆ ಇಂಚು ನಿರ್ವಾತಕ್ಕೂ ಕಡಿಮೆ. ಟ್ಯಾಂಕನ್ನು ಇನ್ನೂ 40 ಮೀಟರ್ ಕೆಳಕ್ಕೆ ಸರಿಸಿ: ಇಳಿತ 9.75 ಮೀಟರ್, ನಷ್ಟ 5.85, ಉಳಿದದ್ದು 3.9 ಮೀಟರ್, 11 ಇಂಚು. ಅಲ್ಲೇ ಆ 30 ತೂತನ್ನು ಹದಿನೈದರಂತೆ ಎರಡು ಲೈನಿಗೆ ಹಂಚಿ: ನಷ್ಟ 2.9 ಮೀಟರ್, ಉಳಿದದ್ದು 6.8 ಮೀಟರ್, ಸುಮಾರು 20 ಇಂಚು. ಖರ್ಚು ಹೆಚ್ಚಾದದ್ದು ಒಂದು ಸುತ್ತು ಟ್ಯೂಬ್ ಮಾತ್ರ. ಇದು ಕಾಗದದ ಲೆಕ್ಕ. ಟೀಗಳ (ಮರದಿಂದ ಬರುವ ತುಂಡನ್ನು ಲೈನಿಗೆ ಸೇರಿಸುವ T ಆಕಾರದ ಜೋಡಕಗಳ) ಸಣ್ಣ ಬಾಯಿಯೂ ಗಾಳಿಗುಳ್ಳೆಗಳೂ ಇನ್ನಷ್ಟನ್ನು ತಿನ್ನುತ್ತವೆ. ಆದರೂ ಟ್ಯಾಂಕ್ ಎಲ್ಲಿಡಬೇಕು, ಲೈನ್ ಎಷ್ಟು ಬೇಕು ಎಂಬ ಪ್ರಶ್ನೆಗೆ ಈ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ಇಲ್ಲ. 5/16 ಟ್ಯೂಬಿನಲ್ಲಿ ಇದೇ ಹರಿವಿಗೆ ನಷ್ಟ ಎಂಟನೇ ಒಂದು ಭಾಗಕ್ಕೆ ಹತ್ತಿರ. ಅಲ್ಲಿ ತಿಕ್ಕಾಟದ ತಲೆನೋವಿಲ್ಲ, ಆದರೆ ರಸದ ಕಂಬವೂ ಇಲ್ಲ.

ಒಂದು ಲೈನಿಗೆ 35ರ ಮೇಲೆ ತೂತು ಹಾಕಬೇಡಿ, 20–25 ಹಿತ. ಶೇ. 25–30ರ ಕಡಿದಾದ ಗುಡ್ಡದಲ್ಲಿ ಮಾತ್ರ 30 ದಾಟಬಹುದು. ಹತ್ತಕ್ಕಿಂತ ಕಡಿಮೆ ಇದ್ದರೂ ತೊಂದರೆ: ರಸ ಸಾಲದೆ ಕಂಬ ಕಟ್ಟುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸುವುದು

ಇಳಿಜಾರು ಶೇ. 10ಕ್ಕಿಂತ ಹೆಚ್ಚಿದ್ದು, ಕೊನೆಯ ಮರದ ಕೆಳಗೆ ಕನಿಷ್ಠ 5 ಮೀಟರ್ ಇಳಿತ ಸಿಗುವುದಾದರೆ ಮರುಯೋಚನೆ ಬೇಡ, 3/16 ಹಾಕಿ, ಪ್ರತಿ ಲೈನನ್ನೂ ನೇರ ಟ್ಯಾಂಕಿನವರೆಗೆ ಒಯ್ಯಿರಿ. ಕರೆಂಟ್ ಬೇಡ, ಪಂಪ್ ಬೇಡ, ಒಂದು ಲೈನಿನ ಸೋರಿಕೆ ಇನ್ನೊಂದನ್ನು ಕೆಡಿಸುವುದಿಲ್ಲ. ಪ್ರತಿ ವರ್ಷ ತೊಳೆಯಲು ತಯಾರಿಲ್ಲದವರು ಮಾತ್ರ ಇದರ ಗೊಡವೆಗೆ ಹೋಗಬಾರದು. ಏಕೆಂಬುದು ಮುಂದೆ ಬರುತ್ತದೆ.

ಶೇ. 2ರಿಂದ 5ರ ಮೆಲ್ಲನೆಯ ಇಳಿಜಾರು, ಮರಗಳು ಹತ್ತಿರ ಹತ್ತಿರ ಇದ್ದರೆ 5/16 ಲ್ಯಾಟರಲ್‌ಗಳನ್ನು (ಮರಗಳಿಂದ ಬರುವ ಕವಲು ಟ್ಯೂಬುಗಳನ್ನು) 3/4 ಇಂಚಿನ ಮೇನ್‌ಲೈನಿಗೆ ಸೇರಿಸುವ ಹಳೆಯ ಪದ್ಧತಿಯೇ ಸರಿ. ಒಂದು ಲ್ಯಾಟರಲ್‌ಗೆ ಐದು ತೂತು, ಹೆಚ್ಚೆಂದರೆ ಹತ್ತು. ಉದ್ದ 30 ಮೀಟರ್ ಒಳಗೆ. ಮೇನ್‌ಲೈನಿಗೆ ಎಲ್ಲೂ ಶೇ. 2ಕ್ಕಿಂತ ಕಡಿಮೆ ಇಳಿತ ಇರಬಾರದು. ಎಳೆತ ಸಿಗದು, ಆದರೆ ಬಕೆಟ್ ಹೊರುವ ಕೆಲಸ ತಪ್ಪುತ್ತದೆ.

ತೂತುಗಳು ಕೆಲವು ನೂರಾಗಿ, ಹತ್ತಿರದಲ್ಲಿ ಕರೆಂಟ್ ಇದ್ದರೆ 5/16 ಲ್ಯಾಟರಲ್, ಮೇನ್‌ಲೈನ್, ನಿರ್ವಾತ ಪಂಪ್ ಮತ್ತು ರಿಲೀಸರ್ (ನಿರ್ವಾತ ಕೆಡದಂತೆ ರಸವನ್ನು ಹೊರಬಿಡುವ ಸಾಧನ). ದೊಡ್ಡ ಉತ್ಪಾದಕರ ದಾರಿ ಇದು, 25 ಇಂಚು ಮೇಲೆ ಸಲೀಸಾಗಿ ಸಿಗುತ್ತದೆ. ಆದರೆ ಎಲ್ಲ ಮರಗಳೂ ಒಂದೇ ಪಂಪಿಗೆ ಕಟ್ಟಿಬಿದ್ದಿರುತ್ತವೆ: ಅಳಿಲು ಒಂದು ಕಡೆ ಕಚ್ಚಿದರೆ ಇಡೀ ತೋಪಿನ ನಿರ್ವಾತ ಇಳಿಯುತ್ತದೆ, ದಿನಾ ಸೋರಿಕೆ ಹುಡುಕುತ್ತ ತಿರುಗಬೇಕು. ಐವತ್ತು ತೂತಿನವರಿಗೆ ಈ ಸಂಸಾರ ಬೇಡ. ಜಾಗ ಸಪಾಟಾಗಿದ್ದು ಎಳೆತವೂ ಬೇಕೆಂದರೆ 12 ವೋಲ್ಟಿನ ಸಣ್ಣ ಡಯಾಫ್ರಾಂ ಪಂಪನ್ನು 3/16 ಲೈನ್‌ಗಳ ಕೊನೆಗೆ ಕೂರಿಸುವವರಿದ್ದಾರೆ. ಅದು ನಡೆಯುತ್ತದೆ, ಆದರೆ ರಾತ್ರಿ ಪಂಪಿನೊಳಗೆ ರಸ ಉಳಿದು ಹೆಪ್ಪುಗಟ್ಟಿದರೆ ಪಂಪು ಒಡೆಯುತ್ತದೆ. ಸಂಜೆ ಖಾಲಿ ಮಾಡುವ ಕೆಲಸ ತಪ್ಪಿಸುವಂತಿಲ್ಲ.

ಶೇ. 5ರಿಂದ 10ರ ನಡುವಿನ ಗುಡ್ಡದ ವಿಷಯ ಸ್ವಲ್ಪ ಗೊಂದಲದ್ದು. ಅಲ್ಲಿ 3/16 ಬೇಕಾದರೆ ಲೈನಿಗೆ 10–12 ತೂತು ಮಾತ್ರ ಹಾಕಿ, ಟ್ಯಾಂಕನ್ನು ದೂರ ಒಯ್ಯಿರಿ. ಟ್ಯಾಂಕಿನ ಜಾಗಕ್ಕೆ ಗಾಡಿ ಹೋಗದಿದ್ದರೆ ರಸ ಮೇಲಕ್ಕೆ ತರುವುದು ಇನ್ನೊಂದು ಕೆಲಸವಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಷ್ಟು ತೂತು ಹಾಕಬೇಕು ಎಂಬುದಕ್ಕೆ ಮರಗಳ ಸಂಖ್ಯೆಗಿಂತ ನಿಮ್ಮ ಒಲೆ ದೊಡ್ಡ ಮಿತಿ. ಶೇ. 2ರ ಸಕ್ಕರೆ ಇರುವ ರಸ 43 ಲೀಟರ್ ಕುದಿಸಿದರೆ ಒಂದು ಲೀಟರ್ ಸಿರಪ್ (86ನ್ನು ಸಕ್ಕರೆಯ ಶೇಕಡಾ ಅಂಕಿಯಿಂದ ಭಾಗಿಸಿದರೆ ಬರುವ ಲೆಕ್ಕ). ಒಂದು ಒಳ್ಳೆಯ ದಿನ 30 ತೂತಿನಿಂದ 200 ಲೀಟರ್ ದಾಟಬಹುದು. ಎರಡಡಿಗೆ ಮೂರಡಿಯ ಚಪ್ಪಟೆ ತಟ್ಟೆಯಲ್ಲಿ ಸೌದೆ ಒಲೆ ಚೆನ್ನಾಗಿ ಉರಿಸಿದರೆ ಗಂಟೆಗೆ 20 ಲೀಟರ್ ಚಿಲ್ಲರೆ ಆವಿಯಾಗುತ್ತದೆ. ಅಂದರೆ ಹತ್ತು ಗಂಟೆಯ ಕೆಲಸ. ರಸವನ್ನು 4 ಡಿಗ್ರಿಗಿಂತ ತಣ್ಣಗಿಟ್ಟರೂ ಎರಡು ಮೂರು ದಿನದೊಳಗೆ ಕುದಿಸಬೇಕು.

ಸಾಮಾನಿನ ಪಟ್ಟಿ: 30 ತೂತು, 3/16ರ ಎರಡು ಲೈನ್

- 3/16 ಇಂಚಿನ ಸೆಮಿ-ರಿಜಿಡ್ ಟ್ಯೂಬ್, 500 ಅಡಿಯ (152 ಮೀಟರ್) ಎರಡು ಸುತ್ತು. ಮೆತ್ತನೆಯ ಟ್ಯೂಬ್ ಬೇಡ, ಎರಡನೇ ವರ್ಷಕ್ಕೆ ಜೋತುಬೀಳುತ್ತದೆ. ಒಳಗಿನ ಗುಳ್ಳೆ ಕಾಣುವಂಥ ಪಾರದರ್ಶಕ ಅಥವಾ ತೆಳುನೀಲಿ ಬಣ್ಣದ್ದೇ ಆಗಬೇಕು.
- ಡ್ರಾಪ್‌ಗೆ (ಮರದ ತೂತಿನಿಂದ ಲೈನಿಗೆ ಇಳಿಯುವ ತುಂಡಿಗೆ) 5/16 ಇಂಚಿನ ಮೆತ್ತನೆಯ ಟ್ಯೂಬ್, ಒಂದಕ್ಕೆ 75–90 ಸೆಂ.ಮೀ.ನಂತೆ 27 ಮೀಟರ್.
- ಎರಡು ಬಾಯಿ 3/16, ಮೂರನೆಯದು 5/16 ಇರುವ ಟೀ 30, ಜೊತೆಗೆ ಐದಾರು ಹೆಚ್ಚುವರಿ.
- 5/16 ಇಂಚಿನ ಸ್ಪೌಟ್ (ಮರದ ತೂತಿಗೆ ಕೂರಿಸುವ ನಳಿಕೆ) 30. ಪ್ರತಿ ವರ್ಷ ಹೊಸದು ಬೇಕು.
- ತುದಿಯ ಮರಕ್ಕೆ ಸುತ್ತಿ ಬಿಗಿಯುವ ಎಂಡ್ ರಿಂಗ್ 2, 3/16ರ ನೇರ ಜೋಡಕ (ಕನೆಕ್ಟರ್) ನಾಲ್ಕಾರು.
- 0–30 ಇಂಚಿನ ನಿರ್ವಾತ ಗೇಜ್ 2, ಲೈನಿನ ಕೊನೆಗೆ ಸಣ್ಣ ವಾಲ್ವ್ 2.
- ಆಹಾರಕ್ಕೆ ಯೋಗ್ಯವಾದ ಮುಚ್ಚಳದ ಟ್ಯಾಂಕ್, ತೂತಿಗೆ 7–8 ಲೀಟರ್‌ನಂತೆ 210–240 ಲೀಟರ್.
- ಎರಡು ಹಿಡಿಯ ಟ್ಯೂಬಿಂಗ್ ಟೂಲ್. ಇದು ದುಬಾರಿ, ಆದರೆ ಚಳಿಯಲ್ಲಿ ಬರಿಗೈಯಿಂದ ಟೀ ತುರುಕಲು ಹೋದರೆ ಬೆರಳು ಮತ್ತು ಟೀ ಎರಡೂ ಹೋಗುತ್ತವೆ. ಒಂದು ಹಂಗಾಮಿಗೆ ಬಾಡಿಗೆಗೋ ಕಡಕ್ಕೋ ಸಿಕ್ಕರೆ ಸಾಕು.
- ಮೇಪಲ್‌ಗೆಂದೇ ಮಾಡಿದ 5/16 ಇಂಚಿನ ಡ್ರಿಲ್ ಬಿಟ್. ಮರಗೆಲಸದ ಸಾಮಾನ್ಯ ಬಿಟ್ ತೂತಿನ ಗೋಡೆಯನ್ನು ಒರಟು ಮಾಡುತ್ತದೆ, ಅಲ್ಲಿಂದ ಗಾಳಿ ನುಗ್ಗುತ್ತದೆ.

ಟೀ ಕೊಳ್ಳುವಾಗ ಒಳಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಟೀಗಳ ಒಳದಾರಿ ಟ್ಯೂಬಿಗಿಂತ ಬಹಳ ಕಿರಿದು. ಮುಂದೆ ಕಟ್ಟಿಕೊಳ್ಳುವುದು ಅಲ್ಲೇ.

ಲೈನ್ ಎಳೆಯುವುದು

ತಾಪಮಾನ ಶೂನ್ಯಕ್ಕಿಂತ ಮೇಲಿರುವ ಒಣ ದಿನ ಆರಿಸಿ. ಕೊರೆವ ಚಳಿಯಲ್ಲಿ ಪ್ಲಾಸ್ಟಿಕ್ ಸೀಳುತ್ತದೆ, ಬಿಸಿಲಲ್ಲಿ ಎಳೆದದ್ದು ಆಮೇಲೆ ಅಳತೆ ತಪ್ಪುತ್ತದೆ.

1. ಟ್ಯಾಂಕಿನ ಹತ್ತಿರ ಗಟ್ಟಿ ಮರಕ್ಕೋ ಕಂಬಕ್ಕೋ ಟ್ಯೂಬಿನ ತುದಿ ಕಟ್ಟಿ, ಸುತ್ತನ್ನು ಬಿಚ್ಚುತ್ತ ಮೇಲಕ್ಕೆ ಹತ್ತಿ. ಒಂದು ಮರದ ಎಡಕ್ಕೆ, ಮುಂದಿನದರ ಬಲಕ್ಕೆ ಹೀಗೆ ಹೆಣೆದುಕೊಂಡು ಹೋದರೆ ಟ್ಯೂಬು ತನ್ನ ಬಿಗಿಯಲ್ಲೇ ನಿಲ್ಲುತ್ತದೆ. ಮೊಳೆ ಹೊಡೆಯಬೇಡಿ, ತಂತಿ ಸುತ್ತಬೇಡಿ.

2. ಎತ್ತರ ಎದೆಮಟ್ಟ. ನಿಮ್ಮ ಕಡೆ ಮಾರ್ಚಿಯಲ್ಲೂ ಮೀಟರ್ ಹಿಮ ಉಳಿಯುವುದಾದರೆ ಅದಕ್ಕೆ ತಕ್ಕಂತೆ ಮೇಲೆ. ಆದರೆ ಕೊನೆಯ ಇಳಿತದ ಭಾಗವನ್ನು ಹಿಮದಲ್ಲಿ ಹೂತುಹೋಗುವಂತೆ ಎಂದೂ ಬಿಡಬೇಡಿ.

3. ಪಕ್ಕದ ಮರ ಹಿಡಿಯಲು ಲೈನನ್ನು ಅಡ್ಡಡ್ಡ ಒಯ್ಯುವಾಗಲೂ ಉದ್ದಕ್ಕೂ ಕೆಳಮುಖವೇ ಇರಲಿ. ಅಂಕುಡೊಂಕಾದರೂ ಪರವಾಗಿಲ್ಲ. ಒಂದು ಲೈನಿಗೆ ಕವಲು ಹಾಕಬೇಡಿ. ದೂರದ ಮರಗಳಿಗೆ ಇನ್ನೊಂದು ಲೈನ್ ಹಾಕಿ.

4. ತುದಿಯ ಮರಕ್ಕೆ ಸುತ್ತಿ ಎಂಡ್ ರಿಂಗ್ ಹಾಕಿ, ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಜೋತು ಪೂರ್ತಿ ಹೋಗುವವರೆಗೆ ಎಳೆದು ಬಿಗಿಯಿರಿ.

5. ಬಿಗಿದ ಮೇಲೆ ಟೀ ಹಾಕಿ. ಪ್ರತಿ ಮರದಿಂದ ಒಂದು ಗೇಣಿಗಿಂತ ತುಸು ದೂರದಲ್ಲಿ ಟ್ಯೂಬು ಕತ್ತರಿಸಿ ಟೀ ಕೂರಿಸಿ, ಡ್ರಾಪ್ ಜೋಡಿಸಿ. ಡ್ರಾಪ್ ಉದ್ದ ಇರುವುದು ಮುಂದಿನ ವರ್ಷಗಳಲ್ಲಿ ಮರದ ಸುತ್ತ ಬೇರೆ ಬೇರೆ ಕಡೆ ತೂತು ಹಾಕಲು. ಗಿಡ್ಡ ಮಾಡಿದರೆ ತೂತುಗಳೆಲ್ಲ ಒಂದೇ ಪಟ್ಟಿಯಲ್ಲಿ ಬಿದ್ದು ನಾಲ್ಕಾರು ವರ್ಷಕ್ಕೆ ಅಲ್ಲಿ ಜೀವಂತ ಮರ ಸಿಗುವುದಿಲ್ಲ.

6. ಗೇಜನ್ನು ತುದಿಯ ಮರದ ಆಚೆ, ಲೈನಿನ ಅತ್ಯಂತ ಮೇಲಿನ ತುದಿಗೆ ಜೋಡಿಸಿ. ಕೆಳಗೆ ಹಾಕಿದ ಗೇಜ್ ಏನನ್ನೂ ಹೇಳುವುದಿಲ್ಲ.

7. ಟ್ಯಾಂಕಿನಲ್ಲಿ ಟ್ಯೂಬಿನ ಬಾಯಿ ರಸದ ಮಟ್ಟಕ್ಕಿಂತ ಮೇಲಿರಲಿ. ಮುಳುಗಿದ್ದರೆ ಸಂಜೆ ಮರ ಹೆಪ್ಪುಗಟ್ಟುತ್ತ ಒಳಕ್ಕೆ ಎಳೆದುಕೊಳ್ಳುವಾಗ ಟ್ಯಾಂಕಿನ ಹಳಸಲು ರಸ ಟ್ಯೂಬಿಗೆ ಸೇರುತ್ತದೆ.

ಮಲೆನಾಡಿನಲ್ಲಿ ಗುಡ್ಡದ ನೀರನ್ನು ಪೈಪಿನಲ್ಲಿ ಮನೆಗೆ ಇಳಿಸಿಕೊಂಡವರಿಗೆ ಗಾಳಿ ಕಟ್ಟುವ ಕಾಟ ಗೊತ್ತಿರುತ್ತದೆ. ಇಲ್ಲಿ ಅದು ತುಸು ಬೇರೆ: 3/16 ಟ್ಯೂಬು ಸಣ್ಣ ದಿಬ್ಬವನ್ನು ಹತ್ತಿ ಇಳಿದರೂ ಹರಿವು ನಿಲ್ಲುವುದಿಲ್ಲ, ಕಂಬದ ಎಳೆತ ಅದನ್ನು ದಾಟಿಸುತ್ತದೆ. ತೊಂದರೆ ಕೊಡುವುದು ತಗ್ಗು. ಜೋತುಬಿದ್ದ ಕಡೆ ರಾತ್ರಿ ರಸ ನಿಂತು ಮಂಜುಗಡ್ಡೆಯಾಗುತ್ತದೆ, ನೆರಳಿದ್ದರೆ ಮಧ್ಯಾಹ್ನದವರೆಗೂ ಕರಗುವುದಿಲ್ಲ. ಮೇಲಿನ ಬಿಸಿಲಿನ ಮರಗಳು ಹರಿಯಲು ಶುರುಮಾಡಿ, ಕೆಳಗೆ ದಾರಿ ಇಲ್ಲದೆ ಸ್ಪೌಟ್ ಸುತ್ತಲಿಂದ ರಸ ತೊಟ್ಟಿಕ್ಕುತ್ತದೆ.

ಸ್ನೋಮೊಬೈಲ್, ಸ್ಕೀ ದಾರಿ ದಾಟುವ ಕಡೆ ಟ್ಯೂಬ್ ಕುತ್ತಿಗೆಯ ಎತ್ತರಕ್ಕೆ ಬರುತ್ತದೆ. ಅಂಥ ಜಾಗ ತಪ್ಪಿಸಿ. ತಪ್ಪಿಸಲಾಗದಿದ್ದರೆ ದೂರದಿಂದ ಕಾಣುವಂತೆ ಕಿತ್ತಳೆ ಪಟ್ಟಿಗಳನ್ನು ಸಾಲಾಗಿ ಕಟ್ಟಿ. ಇದರಲ್ಲಿ ಉದಾಸೀನ ಸಲ್ಲದು.

ತೂತು ಹಾಕುವುದು

ಎದೆಮಟ್ಟದಲ್ಲಿ ಮರದ ವ್ಯಾಸ ಕನಿಷ್ಠ 25–30 ಸೆಂ.ಮೀ. ಇರಬೇಕು, ಅಂದರೆ ಸುತ್ತಳತೆ 80–95 ಸೆಂ.ಮೀ. 45 ಸೆಂ.ಮೀ. ದಾಟಿದ ಆರೋಗ್ಯವಂತ ಮರಕ್ಕೆ ಎರಡನೆಯದು. ಎಳೆತ ಇರುವ ಲೈನಿನಲ್ಲಿ ಒಂದೇ ತೂತು ಬಹಳ ಕೊಡುವುದರಿಂದ ಎರಡನೆಯದರ ಆಸೆ ಬಿಡುವುದೇ ಒಳ್ಳೆಯದು. ಆಳ ಸುಮಾರು 4 ಸೆಂ.ಮೀ., ಕೊರೆತ ತುಸು ಮೇಲ್ಮುಖ. ಬರುವ ಪುಡಿ ಬೆಳ್ಳಗೆ ಅಥವಾ ಕೆನೆಬಣ್ಣಕ್ಕಿರಬೇಕು. ಕಂದು ಪುಡಿ ಬಂದರೆ ಅದು ಹಳೆಯ ಗಾಯದ ಸತ್ತ ಮರ, ಅಲ್ಲಿ ರಸ ಬರದು. ಮುಂದಿನ ಸಲ ಜಾಗ ಬದಲಿಸಲು ಗುರುತು ಮಾಡಿಕೊಳ್ಳಿ. ಹಳೆಯ ತೂತಿನಿಂದ ಪಕ್ಕಕ್ಕೆ ಒಂದು ಗೇಣು ಸರಿಯಿರಿ, ಅದರ ನೇರ ಮೇಲೆ ಅಥವಾ ಕೆಳಗೆ ಬೇಡ. ಸ್ಪೌಟನ್ನು ಸಣ್ಣ ಸುತ್ತಿಗೆಯಿಂದ ಎರಡು ಮೂರು ಮೆಲ್ಲನೆಯ ಏಟು. ಸದ್ದು ಬದಲಾದ ಕೂಡಲೇ ನಿಲ್ಲಿಸಿ. ಹೆಚ್ಚು ಬಡಿದರೆ ಮರ ಸೀಳುತ್ತದೆ, ಆ ಸೀಳಿನಿಂದ ಇಡೀ ಹಂಗಾಮು ಗಾಳಿ ಒಳಬರುತ್ತದೆ. ಮರ ಗಟ್ಟಿಯಾಗಿ ಹೆಪ್ಪುಗಟ್ಟಿದ ದಿನ ಈ ಕೆಲಸ ಬೇಡ.

ಹರಿವು ಶುರುವಾದ ಮೇಲೆ

ಮೊದಲ ದಿನವೇ ಗೇಜ್ ಏರಲಿಲ್ಲವೆಂದು ಗಾಬರಿಯಾಗಬೇಡಿ. ಕಂಬ ತುಂಬಲು ಒಳ್ಳೆಯ ಹರಿವಿನ ಕೆಲವು ಗಂಟೆ ಬೇಕು. ಚೆನ್ನಾಗಿ ಹರಿಯುವ ಎರಡನೇ ದಿನವೂ ನಿಮ್ಮ ಲೆಕ್ಕದ ಅರ್ಧಕ್ಕೂ ಬರದಿದ್ದರೆ ಸೋರಿಕೆ ಹುಡುಕಿ. ಕೆಳಗಿನಿಂದ ಮೇಲಕ್ಕೆ ನಡೆಯುತ್ತ ಟ್ಯೂಬಿನೊಳಗಿನ ಗುಳ್ಳೆಗಳನ್ನು ನೋಡಿ. ಮರ ಸ್ವತಃ ಸ್ವಲ್ಪ ಗಾಳಿ ಬಿಡುತ್ತದೆ, ಅದರ ಗುಳ್ಳೆ ಚಿಕ್ಕದು, ಬಿಟ್ಟು ಬಿಟ್ಟು ಬರುತ್ತದೆ. ಉದ್ದುದ್ದ ಗುಳ್ಳೆಗಳು ಒಂದೇ ಸಮನೆ ಓಡುತ್ತಿದ್ದರೆ ಮೇಲೆಲ್ಲೋ ತೂತಿದೆ. ಯಾವ ಟೀ ದಾಟಿದ ಮೇಲೆ ಓಟ ನಿಲ್ಲುತ್ತದೋ ಆ ಟೀಯ ಡ್ರಾಪ್, ಸ್ಪೌಟ್ ನೋಡಿ. ಸಾಮಾನ್ಯವಾಗಿ ಸಡಿಲ ಸ್ಪೌಟ್, ಇಲ್ಲವೇ ಅಳಿಲಿನ ಹಲ್ಲು. ಕಚ್ಚಿದ ಕಡೆ ಕತ್ತರಿಸಿ ಕನೆಕ್ಟರ್ ಹಾಕಿ. ಟೇಪು ಸುತ್ತಿದರೆ ನಿಲ್ಲುವುದಿಲ್ಲ.

ಗುಳ್ಳೆ ಇಲ್ಲ, ರಸ ನಿಂತಂತಿದೆ, ಗೇಜ್ ಸೊನ್ನೆ, ಕೆಳಗಿನ ಮರಗಳ ಸ್ಪೌಟ್ ಸುತ್ತ ಒದ್ದೆ ಎಂದಾದರೆ ಸೋರಿಕೆಯಲ್ಲ, ಕಟ್ಟಿಕೊಂಡಿದೆ. ಬೆಳಗ್ಗೆಯಾದರೆ ಮಂಜುಗಡ್ಡೆ, ಕಾಯಿರಿ. ಮಧ್ಯಾಹ್ನವೂ ಹಾಗೇ ಇದ್ದರೆ ಕೆಳಗಿನ ಟೀಯಿಂದ ಒಂದೊಂದಾಗಿ ಬಿಚ್ಚಿ ನೋಡಿ. ಲೋಳೆಯೋ ಮರದ ಪುಡಿಯೋ ಸಿಕ್ಕಿರುತ್ತದೆ.

ತೊಳೆಯುವುದು: 3/16 ಉಳಿಯುವುದೂ ಹೋಗುವುದೂ ಇಲ್ಲೇ

ಹಂಗಾಮು ಮುಗಿಯುವ ಹೊತ್ತಿಗೆ ರಸದ ಸಕ್ಕರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಟ್ಯೂಬಿನ ಒಳಗೋಡೆಗೆ ಲೋಳೆ ಅಂಟುತ್ತದೆ. 5/16ರಲ್ಲಿ ಅದು ತೂತು ಬೇಗ ಒಣಗಲು ಕಾರಣವಾಗುತ್ತದೆ. 3/16ರಲ್ಲಿ ಅದರ ಜೊತೆಗೆ ದಾರಿಯನ್ನೇ ಮುಚ್ಚುತ್ತದೆ. ಮೊದಲ ವರ್ಷ ಅದ್ಭುತವಾಗಿ ಕೊಟ್ಟ ಲೈನ್ ತೊಳೆಯದೆ ಬಿಟ್ಟರೆ ಎರಡನೇ ಮೂರನೇ ವರ್ಷಕ್ಕೆ ಸೊರಗುತ್ತದೆ. ಆಗ 3/16 ಮೋಸ ಎಂದು ಬೈದು ಬಿಡುವವರೇ ಹೆಚ್ಚು.

ಬೇಕಾದದ್ದು ಕ್ಯಾಲ್ಸಿಯಂ ಹೈಪೊಕ್ಲೋರೈಟ್, ಬೇರೇನೂ ಬೆರೆಸದ ಶುದ್ಧ ಹರಳು. ಮನೆಯ ಬಟ್ಟೆ ಬ್ಲೀಚ್ ಸೋಡಿಯಂದು. ಅದರ ಉಪ್ಪಿನ ರುಚಿಗೆ ಅಳಿಲುಗಳು ಬಂದು ಟ್ಯೂಬನ್ನೇ ಅಗಿಯುತ್ತವೆ. ದ್ರಾವಣ ಸುಮಾರು 400 ಪಿಪಿಎಂ ಕ್ಲೋರಿನ್: ಶೇ. 65ರ ಹರಳಾದರೆ 100 ಲೀಟರ್ ನೀರಿಗೆ 62 ಗ್ರಾಂ. ನೀರಿಗೆ ಹರಳು ಹಾಕಿ, ಹರಳಿನ ಮೇಲೆ ನೀರು ಸುರಿಯಬೇಡಿ. ವಿನೆಗರ್ ಅಥವಾ ಯಾವುದೇ ಆಮ್ಲ ಹತ್ತಿರ ತರಬೇಡಿ, ವಿಷಗಾಳಿ ಬರುತ್ತದೆ. ಕೈಗವಸು, ಕನ್ನಡಕ ಕಡ್ಡಾಯ.

ರಸ ಇನ್ನೂ ಸ್ವಲ್ಪ ಹರಿಯುತ್ತ ಲೈನಿನಲ್ಲಿ ಎಳೆತ ಇರುವಾಗಲೇ ಇದನ್ನು ಮಾಡುವುದು ಜಾಣತನ. ಟ್ಯಾಂಕಿನಿಂದ ಟ್ಯೂಬಿನ ಬಾಯಿ ಹೊರತೆಗೆದು ಬೇರೆ ಬಕೆಟ್ಟಿಗೆ ಬಿಡಿ. ತುದಿಯ ಮರದಿಂದ ಶುರುಮಾಡಿ, ಸ್ಪೌಟನ್ನು ಮರದಿಂದ ಕಿತ್ತು, ದ್ರಾವಣದ ಸಣ್ಣ ಪಾತ್ರೆಯಲ್ಲಿ ಅದ್ದಿ. ಕೆಳಗಿನ ಕಂಬವೇ ಅದನ್ನು ಹೀರಿಕೊಳ್ಳುತ್ತದೆ. ಡ್ರಾಪ್ ತುಂಬಿ ಟೀ ದಾಟಿದ ಮೇಲೆ ಸ್ಪೌಟಿಗೆ ಬಿರಡೆ ಹಾಕಿ ಮುಂದಿನ ಮರಕ್ಕೆ ಇಳಿಯಿರಿ. ಸ್ಪೌಟ್ ಇನ್ನೂ ಮರದಲ್ಲಿರುವ ಡ್ರಾಪ್‌ಗೆ ದ್ರಾವಣ ಹೋಗದಂತೆ ನೋಡಿಕೊಳ್ಳಿ, ಮರ ಅದನ್ನು ಒಳಕ್ಕೆ ಎಳೆದುಕೊಂಡೀತು. ಎಲ್ಲ ಮರ ಮುಗಿದ ಮೇಲೆ ಕೆಳಗಿನ ವಾಲ್ವ್ ಮುಚ್ಚಿ ದ್ರಾವಣವನ್ನು ಒಳಗೇ ಒಂದೆರಡು ಗಂಟೆ ನಿಲ್ಲಿಸಿ, ಆಮೇಲೆ ಪೂರ್ತಿ ಬಸಿಯಲು ಬಿಡಿ. ಕ್ವಿಬೆಕ್ ಕಡೆ ಇದೇ ಕೆಲಸಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುತ್ತಾರೆ. ನಿಮ್ಮ ಪ್ರಾಂತ್ಯ ಅಥವಾ ರಾಜ್ಯದ ನಿಯಮ ನೋಡಿ ಆರಿಸಿ. ಯಾವುದನ್ನೇ ಬಳಸಿದರೂ ಮುಂದಿನ ವರ್ಷದ ಮೊದಲ ಹರಿವಿನ ರಸವನ್ನು ಲೈನ್ ತೊಳೆಯಲೆಂದೇ ನೆಲಕ್ಕೆ ಬಿಡಬೇಕು.

ಸ್ಪೌಟ್ ಪ್ರತಿ ವರ್ಷ, ಡ್ರಾಪ್ ಮತ್ತು ಟೀ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ. ಲೈನನ್ನು ಬಿಚ್ಚುವ ಅಗತ್ಯವಿಲ್ಲ, ಬೇಸಿಗೆಯಲ್ಲೂ ಮರದಲ್ಲೇ ಇರಲಿ. ಹಂಗಾಮು ಮುಗಿಯುವ ಮೊದಲು ಮಾಡಬೇಕಾದ ಒಂದು ಕೆಲಸ: ಪ್ರತಿ ಲೈನಿಗೂ ಸಂಖ್ಯೆ ಕೊಟ್ಟು, ಒಳ್ಳೆಯ ಹರಿವಿನ ದಿನ ಅದರ ಗೇಜ್ ಎಷ್ಟು ತೋರಿಸಿತು ಎಂದು ತುದಿಯ ಮರದ ಪಟ್ಟಿಯ ಮೇಲೆ ಬರೆದಿಡಿ. ಮುಂದಿನ ಮಾರ್ಚಿಯಲ್ಲಿ ಅದೇ ಲೈನ್ ನಾಲ್ಕೈದು ಇಂಚು ಕಡಿಮೆ ತೋರಿಸಿದರೆ, ಗುಳ್ಳೆಯೂ ಕಾಣದಿದ್ದರೆ, ಟೀ ಬದಲಿಸುವ ವರ್ಷ ಬಂತೆಂದೇ ಅರ್ಥ.